ಬ್ಯಾಂಡ್‌ಸಾ ಯಂತ್ರವನ್ನು ಹೊಂದಿಸುವ ಕ್ರಮ: ಕೊಪ್ಪಳ ಸೀಮೆಯಲ್ಲಿ ಕಲಿತ ಪಾಠ



ನಮ್ಮ ಸಂಘದ ಗೋದಾಮಿನ ಹಿಂಬದಿಯ ಶೆಡ್ಡಿನಲ್ಲಿರುವ ಬ್ಯಾಂಡ್‌ಸಾ ಯಂತ್ರದ ಬಗ್ಗೆ ಸದಸ್ಯರಲ್ಲಿ ಎರಡು ಅಭಿಪ್ರಾಯಗಳಿವೆ. ಅದನ್ನು ಮಾರಿಬಿಡಬೇಕೆಂದು ಕೆಲವರು ಹೇಳುತ್ತಾರೆ, ಇಟ್ಟುಕೊಳ್ಳಬೇಕೆಂದು ಕೆಲವರು. ಬರಲಿರುವ ಸರ್ವಸದಸ್ಯರ ಸಭೆಯಲ್ಲಿ ಇದು ತೀರ್ಮಾನವಾಗಬೇಕಾಗಿದೆ. ತೀರ್ಮಾನಕ್ಕೆ ಮೊದಲು ಈ ಯಂತ್ರವನ್ನು ಹೇಗೆ ನಿಲ್ಲಿಸಬೇಕು, ಹೇಗೆ ಹೊಂದಿಸಬೇಕು, ನಾವು ಎಲ್ಲಿ ತಪ್ಪಿದೆವು ಎಂಬುದನ್ನು ಎಲ್ಲರೂ ತಿಳಿದಿರಬೇಕೆಂಬ ಉದ್ದೇಶದಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ತಪ್ಪನ್ನು ಮೊದಲು ಒಪ್ಪಿಕೊಳ್ಳುವುದು ಒಳ್ಳೆಯದು. ಯಂತ್ರ ಬಂದ ಮೊದಲ ವರ್ಷ ಬ್ಲೇಡುಗಳು ಒಂದರ ಹಿಂದೆ ಒಂದು ತುಂಡಾದವು. ಬ್ಲೇಡು ಕಳಪೆ ಎಂದು ನಾವು ಅಂಗಡಿ ಬದಲಾಯಿಸಿದೆವು. ಹೊಸ ಅಂಗಡಿಯ ಬ್ಲೇಡುಗಳೂ ತುಂಡಾದವು. ಒಂದು ಮಧ್ಯಾಹ್ನ ಅವಸರದಲ್ಲಿ ಬ್ಲೇಡು ಬದಲಿಸಿ, ಮೇಲಿನ ಚಕ್ರದ ಮುಚ್ಚಳವನ್ನು ಹಾಕದೆಯೇ ಸಿಲ್ವರ್ ಓಕಿನ ದುಂಡು ಕೊಂಬೆಯೊಂದನ್ನು ಸೀಳಲು ಹೊರಟರು. ಕೊಂಬೆ ಉರುಳಿತು, ಬ್ಲೇಡು ತಿರುಚಿ ತುಂಡಾಯಿತು, ಸಹಾಯಕ್ಕೆ ನಿಂತಿದ್ದ ಹುಡುಗನ ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ಆಸ್ಪತ್ರೆಯ ಖರ್ಚನ್ನು ಸಂಘವೇ ಭರಿಸಿತು. ಆದರೆ ಬೆರಳು ಮರಳಿ ಬರುವುದಿಲ್ಲ. ಅಂದಿನಿಂದ ಯಂತ್ರಕ್ಕೆ ಟಾರ್ಪಾಲು ಹೊದಿಸಿ ಬೀಗ ಹಾಕಿದೆವು.

ಕೊಪ್ಪಳದ ಕಡೆಗೆ ಹೋದದ್ದು

ಇದಾದ ಕೆಲವು ತಿಂಗಳ ಬಳಿಕ ಆಡಳಿತ ಮಂಡಳಿಯ ನಾವು ನಾಲ್ವರು ಕೊಪ್ಪಳ ಜಿಲ್ಲೆಗೆ ಹೋಗಿಬಂದೆವು. ಕಾಫಿ, ಅಡಿಕೆಯವರಿಗೆ ಕೊಪ್ಪಳದಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ನೆರಳು ಸವರುವಾಗ ಬೀಳುವ ಸಿಲ್ವರ್ ಓಕ್, ಹಾಲುವಾಣದ ಮರವೆಲ್ಲ ಸೌದೆಯ ಬೆಲೆಗೆ ಹೋಗುತ್ತದೆ. ಅಲ್ಲಿ ಮರ ಕಡಿಮೆ, ಮರಗೆಲಸ ಹೆಚ್ಚು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ಗೊಂಬೆ, ದೇವರ ಮೂರ್ತಿಗಳನ್ನು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಹುಣಸೆ ಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ ಮೇಲೆ ಬಣ್ಣ ಹಚ್ಚುವ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹಂಪಿಯ ಗುಡಿಯ ಚಾವಣಿಯ ಚಿತ್ರಗಳು ಇವರ ಹಿರೀಕರ ಕೈಯವೆಂದು ಹೇಳಿಕೆಯಿದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳ ಬಡಗಿಗಳಾದರೋ ಕೂರಿಗೆ, ಕುಂಟೆ, ಬಂಡಿಗಳನ್ನು ಮಾಡುತ್ತ ಬಂದವರು. ಮರವನ್ನು ದೂರದಿಂದ ತರಿಸಿಕೊಳ್ಳುವವರಿಗೆ ಒಂದು ಅಂಗುಲ ಮರದ ಬೆಲೆ ಏನೆಂದು ಗೊತ್ತಿರುತ್ತದೆ.

ಗಂಗಾವತಿಯಲ್ಲಿ ಒಂದು ಬಡಗಿ ಅಂಗಡಿಯಲ್ಲಿ ನಮ್ಮದರಂಥದೇ ಯಂತ್ರ ಸದ್ದಿಲ್ಲದೆ ಓಡುತ್ತಿತ್ತು. ಅಲ್ಲಿನ ಹಿರಿಯ ಮಿಸ್ತ್ರಿಗಳ ಮುಂದೆ ನಮ್ಮ ಬ್ಲೇಡುಗಳ ಕಥೆ ಹೇಳಿದೆವು. ಅವರು ನಕ್ಕು, “ಬ್ಲೇಡಿಗೆ ಯಾಕ ಬೈತೀರಿ ಸಾಹೇಬ್ರ? ಮ್ಯಾಲಿನ ಗಾಲಿ ಸೊಟ್ಟ ಓಡಿದ್ರ ಬ್ಲೇಡ್ ಏನ್ ಮಾಡೀತ್ರೀ?” ಎಂದರು. ಯಂತ್ರ ನಿಲ್ಲಿಸಿ, ಮೇನ್ ಸ್ವಿಚ್ಚು ತೆಗೆದು, ಬ್ಲೇಡು ಬಿಚ್ಚಿ ಮೊದಲಿನಿಂದ ಹಾಕಿ ತೋರಿಸಿದರು. ಅರ್ಧ ಗಂಟೆಯ ಕೆಲಸ. ಅದರಲ್ಲಿ ನಮಗೆ ತಿಳಿದದ್ದು ಒಂದೇ ಮಾತು: ಈ ಯಂತ್ರದಲ್ಲಿ ಹೊಂದಿಸಬೇಕಾದ ಅಂಗಗಳು ಐದಾರು ಮಾತ್ರ, ಆದರೆ ಅವುಗಳಿಗೆ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ, ಕೊನೆಗೆ ಬ್ಲೇಡು ಅಥವಾ ಬೆರಳು ಅದರ ಬೆಲೆ ತೆರುತ್ತದೆ.

ಯಂತ್ರದ ಅಂಗಗಳು

ಬ್ಯಾಂಡ್‌ಸಾ ಎಂದರೆ ಮೇಲೆ ಕೆಳಗೆ ಎರಡು ಚಕ್ರಗಳ ಮೇಲೆ ಓಡುವ ಉಕ್ಕಿನ ಪಟ್ಟಿ ಗರಗಸ. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಮೇಲಿನ ಚಕ್ರಕ್ಕೆ ಎರಡು ತಿರುಪುಗಳಿವೆ. ಒಂದು ಅದನ್ನು ಮೇಲೆತ್ತಿ ಬ್ಲೇಡನ್ನು ಬಿಗಿಮಾಡುವುದು, ಇನ್ನೊಂದು ಅದನ್ನು ಹಿಂದಕ್ಕೆ ಮುಂದಕ್ಕೆ ಓರೆಮಾಡುವುದು. ಎರಡು ಚಕ್ರಗಳಿಗೂ ರಬ್ಬರಿನ ಟಯರು ಇರುತ್ತದೆ. ಮೇಜಿನ ಮೇಲೆ ಒಂದು, ಕೆಳಗೆ ಒಂದು ಗೈಡು ಇದ್ದು ಬ್ಲೇಡು ಅತ್ತಿತ್ತ ಹೊರಳದಂತೆ ಹಿಡಿಯುತ್ತವೆ. ಗೈಡಿನ ಹಿಂದೆ ಬ್ಲೇಡಿನ ಬೆನ್ನಿಗೆ ಆನಿಕೆಯಾಗಿ ಒಂದು ಬೇರಿಂಗು ಇರುತ್ತದೆ. ಇದನ್ನು ನಾವು ಬೆನ್ನು ಬೇರಿಂಗು ಎಂದು ಕರೆಯೋಣ.

ಈ ಯಂತ್ರದ ಕಲ್ಪನೆಗೆ 1809ರಲ್ಲಿ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬವನು ಪೇಟೆಂಟು ಪಡೆದನು. ಆದರೆ ಪಟ್ಟಿಯ ಎರಡು ತುದಿಗಳನ್ನು ಗಟ್ಟಿಯಾಗಿ ಬೆಸೆಯುವ ವಿಧಾನ ತಿಳಿಯದೆ ಅದು ಬಹುಕಾಲ ಬಳಕೆಗೆ ಬರಲಿಲ್ಲ. 1846ರಲ್ಲಿ ಫ್ರಾನ್ಸಿನ ಆ್ಯನ್ ಪಾಲಿನ್ ಕ್ರೆಪಿನ್ ಎಂಬ ಮಹಿಳೆ ಬೆಸುಗೆಯ ಕ್ರಮಕ್ಕೆ ಪೇಟೆಂಟು ಪಡೆದ ಮೇಲೆಯೇ ಇದು ಕಾರ್ಖಾನೆಗಳನ್ನು ಸೇರಿತು. ಇಂದಿಗೂ ಬ್ಲೇಡಿನ ದುರ್ಬಲ ಸ್ಥಳ ಆ ಬೆಸುಗೆಯೇ. ಬ್ಲೇಡು ಕೊಳ್ಳುವಾಗ ಮೊದಲು ಅಲ್ಲಿ ಬೆರಳಾಡಿಸಿ ನೋಡಬೇಕು. ಏರುತಗ್ಗು ಇರಬಾರದು, ಬೆನ್ನು ಸೊಟ್ಟಗಿರಬಾರದು.

ದುಂಡು ಗರಗಸ ಇರುವಾಗ ಇದೇಕೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. 6 ಅಂಗುಲದ ತೊಲೆಯಿಂದ ಅರ್ಧ ಅಂಗುಲದ ಹಲಗೆಗಳನ್ನು ಸೀಳುತ್ತೇವೆ ಎನ್ನಿ. ಒಂದೊಂದು ಸೀಳಿಗೆ 1/8 ಅಂಗುಲ ಮರ ತಿನ್ನುವ ದುಂಡು ಗರಗಸದಲ್ಲಿ 9 ಹಲಗೆ ಬರುತ್ತದೆ. 1/16 ಅಂಗುಲ ತಿನ್ನುವ ಬ್ಯಾಂಡ್‌ಸಾದಲ್ಲಿ 10 ಬರುತ್ತದೆ. ಹತ್ತರಲ್ಲಿ ಒಂದು ಹಲಗೆ ಹುಡಿಯಾಗದೆ ಉಳಿಯುತ್ತದೆ. ಸಣ್ಣ ಬೆಳೆಗಾರನಿಗೆ ಇದು ಸಣ್ಣ ಮಾತಲ್ಲ.

ಯಂತ್ರವನ್ನು ನಿಲ್ಲಿಸುವುದು

ಕಾಂಕ್ರೀಟು ನೆಲದ ಮೇಲೆ ನಿಲ್ಲಿಸಿ, ರಸಮಟ್ಟ ಇಟ್ಟು ಎರಡು ದಿಕ್ಕಿಗೂ ನೋಡಿ, ಬೋಲ್ಟು ಹಾಕಿ ಕೂರಿಸಬೇಕು. ನೆಲ ಏರುಪೇರಿದ್ದರೆ ಬುಡಕ್ಕೆ ತಗಡು ಕೊಟ್ಟು ಸಮಮಾಡಿ ಆ ಮೇಲೆ ಬೋಲ್ಟು ಬಿಗಿಯಿರಿ. ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ಯಂತ್ರದ ಚೌಕಟ್ಟೇ ತಿರುಚುತ್ತದೆ. ಉದ್ದದ ಮರ ಒಳಬಂದು ಹೊರಹೋಗಲು ಹಿಂದೆ ಮುಂದೆ ಜಾಗ ಬೇಕು. ನಮ್ಮ ಶೆಡ್ಡಿನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದೆವು. ಅದರಿಂದ ಮರವನ್ನು ಓರೆಯಾಗಿ ನೂಕುವ ಅಭ್ಯಾಸವೂ ಬಂದಿತು, ಬ್ಲೇಡು ತಿರುಚುವುದೂ ಹೆಚ್ಚಿತು.

ವಿದ್ಯುತ್ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಅರ್ಥಿಂಗು ಕಡ್ಡಾಯ. ಬ್ಲೇಡು ಮೇಜಿನ ಬಳಿ ಮೇಲಿನಿಂದ ಕೆಳಕ್ಕೆ ಓಡಬೇಕು. ಮೂರು ಫೇಸಿನ ಮೋಟಾರು ತಿರುವುಮುರುವಾಗಿ ತಿರುಗಿದರೆ ಯಾವುದಾದರೂ ಎರಡು ಫೇಸುಗಳನ್ನು ಅದಲುಬದಲು ಮಾಡಿಸಬೇಕು. ಈ ಪರೀಕ್ಷೆಯನ್ನು ಬ್ಲೇಡು ಹಾಕುವ ಮೊದಲೇ ಮಾಡಿ. ವೋಲ್ಟೇಜು ಇಳಿದ ಹೊತ್ತಿನಲ್ಲಿ ದಪ್ಪ ಮರ ಕೊಯ್ಯಬೇಡಿ, ಮೋಟಾರು ಕಾಯುತ್ತದೆ.

ಎರಡು ಚಕ್ರಗಳೂ ಒಂದೇ ನೇರದಲ್ಲಿರಬೇಕು. ನೇರವಾದ ಉದ್ದ ಪಟ್ಟಿಯೊಂದನ್ನು ಎರಡರ ಅಂಚಿಗೂ ತಾಗುವಂತೆ ಹಿಡಿದರೆ ತಿಳಿಯುತ್ತದೆ. ಟಯರಿನ ಮೇಲೆ ಮರದ ಅಂಟು, ಹುಡಿ ಗಟ್ಟಿಯಾಗಿ ಕೂತಿದ್ದರೆ ಕೆರೆದು ತೆಗೆಯಿರಿ. ಅಂಥ ಒಂದು ಗಡ್ಡೆಯಿಂದಲೇ ಯಂತ್ರ ನಡುಗುವುದುಂಟು. ಟಯರು ಬಿರಿದಿದ್ದರೆ ಬದಲಿಸದೆ ಮುಂದಿನ ಕೆಲಸ ವ್ಯರ್ಥ.

ಬ್ಲೇಡಿನ ಆಯ್ಕೆ

ಬ್ಲೇಡಿನ ಉದ್ದ ತಿಳಿಯಲು ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ಎರಡು ಚಕ್ರಗಳ ಕೇಂದ್ರದ ನಡುವಿನ ಅಂತರದ ಎರಡರಷ್ಟನ್ನು ಕೂಡಿಸಬೇಕು. ಬಿಗಿಯ ತಿರುಪನ್ನು ನಡುವಿನಲ್ಲಿಟ್ಟು ಅಳೆಯಬೇಕು. 14 ಅಂಗುಲದ ಚಕ್ರಗಳಿದ್ದು ಕೇಂದ್ರಗಳ ಅಂತರ 24¾ ಅಂಗುಲವಿದ್ದರೆ, 44ಕ್ಕೆ 49½ ಕೂಡಿಸಿ 93½ ಅಂಗುಲ.

ಅಗಲದ ಬ್ಲೇಡು ನೇರ ಕೊಯ್ತಕ್ಕೆ, ಕಿರಿದಾದದ್ದು ತಿರುವಿಗೆ. ಹಲಗೆ ಸೀಳಲು 14 ಅಂಗುಲದ ಯಂತ್ರದಲ್ಲಿ 1/2 ಅಥವಾ ಯಂತ್ರ ತಾಳುವುದಾದರೆ 3/4 ಅಂಗುಲದ ಬ್ಲೇಡು. ಅರ್ಧ ಅಂಗುಲದ ಬ್ಲೇಡಿನಿಂದ ಸುಮಾರು 2½ ಅಂಗುಲ ತ್ರಿಜ್ಯಕ್ಕಿಂತ ಕಿರಿದಾದ ತಿರುವನ್ನು ಕೊಯ್ಯಲಾಗದು. ಕಾಲು ಅಂಗುಲದ್ದಾದರೆ 5/8 ಅಂಗುಲದ ತಿರುವಿನವರೆಗೆ ಬರುತ್ತದೆ. ಗೊಂಬೆಯ ಆಕಾರ ಕೊಯ್ಯಲು, ಕುರ್ಚಿಯ ಬಾಗಿದ ಕಾಲು ಕೊಯ್ಯಲು ಇದೇ ಬೇಕು. ಅಗಲದ ಬ್ಲೇಡಿನಲ್ಲಿ ಬಲವಂತದಿಂದ ತಿರುವು ತೆಗೆದರೆ ಅದು ತಿರುಚಿ ಬೆಸುಗೆಯಲ್ಲಿ ಬಿಡುತ್ತದೆ.

ಹಲ್ಲಿನ ವಿಷಯ: ಕೊಯ್ಯುವಾಗ ಕಡೇಪಕ್ಷ ಮೂರು ಹಲ್ಲು ಮರದೊಳಗಿರಬೇಕು. 5, 6 ಅಂಗುಲ ದಪ್ಪದ ಮರ ಸೀಳಲು ಅಂಗುಲಕ್ಕೆ 3 ಹಲ್ಲಿನದು ಸರಿ. ಅರ್ಧ ಅಂಗುಲದ ಹಲಗೆಗೆ 6 ಅಥವಾ ಹೆಚ್ಚು. ದಪ್ಪ ಮರಕ್ಕೆ ಸಣ್ಣ ಹಲ್ಲು ಹಾಕಿದರೆ ಹುಡಿ ಹೊರಹೋಗಲು ಜಾಗವಿಲ್ಲದೆ ಬ್ಲೇಡು ಕಾದು ಅಡ್ಡಾದಿಡ್ಡಿ ಹೋಗುತ್ತದೆ. ಆಗತಾನೆ ಕಡಿದ ಸಿಲ್ವರ್ ಓಕಿನ ಹುಡಿ ಒದ್ದೆಯಾಗಿ ಅಂಟಿಕೊಳ್ಳುವುದರಿಂದ ದೊಡ್ಡ ಹಲ್ಲೇ ಬೇಕು. ಅಡಿಕೆ ಮರದ ಹೊರಭಾಗ ಗಟ್ಟಿ ನಾರು, ಒಳಗೆ ಮೆದು. ದಬ್ಬೆಗಾಗಿ ಅದನ್ನು ಸೀಳುವವರು ಹಲ್ಲು ಬೇಗ ಮೊಂಡಾಗುವುದನ್ನು ಮೊದಲೇ ಲೆಕ್ಕದಲ್ಲಿಡಬೇಕು.

ಹೊಂದಿಸುವ ಕ್ರಮ

ಈಗ ಮುಖ್ಯ ಪಾಠ. ಇದರ ಮೊದಲ ಮಾತು ಮೇನ್ ಸ್ವಿಚ್ಚು ತೆಗೆಯುವುದು. ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು.

1. ಮೇಲಿನ ಕೆಳಗಿನ ಗೈಡುಗಳನ್ನೂ ಎರಡು ಬೆನ್ನು ಬೇರಿಂಗುಗಳನ್ನೂ ಬ್ಲೇಡಿನಿಂದ ಪೂರ್ತಿ ದೂರ ಸರಿಸಿ. ನಾವು ಮಾಡುತ್ತಿದ್ದ ಮೊದಲ ತಪ್ಪು ಇಲ್ಲೇ. ಹಳೆಯ ಬ್ಲೇಡಿಗೆ ಹೊಂದಿಸಿದ್ದ ಗೈಡುಗಳ ನಡುವೆಯೇ ಹೊಸತನ್ನು ತುರುಕುತ್ತಿದ್ದೆವು. ಚಕ್ರ ಒಂದು ಕಡೆಗೆ ಎಳೆಯುವುದು, ಗೈಡು ಇನ್ನೊಂದು ಕಡೆಗೆ ತಡೆಯುವುದು. ಈ ಜಗ್ಗಾಟದಲ್ಲಿ ಬ್ಲೇಡು ತುಂಡಾಗುತ್ತಿತ್ತು.

2. ಕೈಗವಸು, ಕನ್ನಡಕ ಹಾಕಿಕೊಂಡು ಬ್ಲೇಡಿನ ಸುರುಳಿ ಬಿಚ್ಚಿ. ಅದು ಸ್ಪ್ರಿಂಗಿನಂತೆ ಚಿಮ್ಮುತ್ತದೆ, ಹತ್ತಿರ ಯಾರೂ ನಿಲ್ಲಬಾರದು. ಚಕ್ರದ ಮೇಲೆ ಹಾಕಿದಾಗ ಮೇಜಿನ ಬಳಿ ಹಲ್ಲುಗಳು ನಮ್ಮ ಕಡೆಗೆ, ತುದಿ ಕೆಳಕ್ಕೆ ಇರಬೇಕು. ಮೇಲಕ್ಕಿದ್ದರೆ ಬ್ಲೇಡು ಒಳಹೊರಗಾಗಿದೆ ಎಂದರ್ಥ. ತೆಗೆದು ಮಗುಚಿ ಹಾಕಿ.

3. ಬ್ಲೇಡು ಜಾರದಷ್ಟು ಮಾತ್ರ ಬಿಗಿಮಾಡಿ, ಮೇಲಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತ ನೋಡಿ. ಬ್ಲೇಡು ಮುಂದಕ್ಕೋ ಹಿಂದಕ್ಕೋ ಸರಿಯುತ್ತಿದ್ದರೆ ಓರೆಯ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ನೋಡಿ. ಟಯರಿನ ನಡುವೆ ಓಡತೊಡಗಿದ ಮೇಲೆ ತಿರುಪಿನ ಬೀಗದ ನಟ್ಟನ್ನು ಹಾಕಿ. ಇಲ್ಲಿ ಮಿಸ್ತ್ರಿಗಳು ಹೇಳಿದ ಮಾತು ನೆನಪಿಡುವಂಥದು: “ತೇರಿನ ಗಾಲಿಗೆ ಸನ್ನಿ ಕೊಡೋದು ನೋಡೀರಿಲ್ಲೋ? ಒಂದ್ ಚೂರು ಕೊಟ್ರ ಅಷ್ಟ್ ದೊಡ್ಡ ತೇರು ಹೊಳ್ಳತೈತಿ. ಇದೂ ಹಂಗರೀ. ಭಾಳ ತಿರುವಬ್ಯಾಡ್ರಿ.” ಕೊಪ್ಪಳದ ಗವಿಮಠದ ಜಾತ್ರೆಯ ತೇರನ್ನು ಕಂಡವರಿಗೆ ಈ ಹೋಲಿಕೆ ಕೂಡಲೇ ಹಿಡಿಸುತ್ತದೆ.

4. ಈಗ ಪೂರ್ತಿ ಬಿಗಿ ಕೊಡಿ. ಯಂತ್ರದ ಮೇಲಿರುವ ಗುರುತನ್ನು ಮೊದಲ ಅಂದಾಜಿಗೆ ತೆಗೆದುಕೊಳ್ಳಿ. ಸ್ಪ್ರಿಂಗು ಹಳೆಯದಾದಂತೆ ಆ ಗುರುತು ಸುಳ್ಳಾಗುತ್ತದೆ. ಮೇಲಿನ ಗೈಡನ್ನು ಮೇಜಿನಿಂದ 6 ಅಂಗುಲ ಎತ್ತರಿಸಿ, ನಡುವೆ ಬ್ಲೇಡಿನ ಪಕ್ಕಕ್ಕೆ ಬೆರಳಿನಿಂದ ಒತ್ತಿ ನೋಡಿ. ಕಾಲು ಅಂಗುಲಕ್ಕಿಂತ ಹೆಚ್ಚು ಬಾಗಬಾರದು. ಬಿಗಿ ಬದಲಾದರೆ ಓಟದ ನೇರವೂ ಬದಲಾಗುತ್ತದೆ. ಆದ್ದರಿಂದ ಮೂರನೆಯ ಹೆಜ್ಜೆಯನ್ನು ಮತ್ತೊಮ್ಮೆ ಮಾಡಿ.

5. ಮೇಜಿನ ಮೇಲೆ ಮೂಲೆಮಟ್ಟ ಇಟ್ಟು, ಹಲ್ಲು ತಾಗದಂತೆ ಬ್ಲೇಡಿನ ಪಕ್ಕಕ್ಕೆ ಒರಗಿಸಿ 90 ಡಿಗ್ರಿ ಇದೆಯೇ ನೋಡಿ. ಓರೆಯಿದ್ದರೆ ಮೇಜನ್ನು ಸರಿಪಡಿಸಿ.

6. ಪಕ್ಕದ ಗೈಡುಗಳನ್ನು ಮುಂದೆ ತನ್ನಿ. ಅವುಗಳ ಮುಂಚೂಣಿ ಹಲ್ಲಿನ ಬುಡದ ಗುಳಿಗಿಂತ 1/16 ಅಂಗುಲ ಹಿಂದಿರಲಿ. ಗೈಡು ಹಲ್ಲಿಗೆ ತಾಗಿದರೆ ಒಂದೇ ಸುತ್ತಿನಲ್ಲಿ ಬ್ಲೇಡು ಕೆಡುತ್ತದೆ. ಬ್ಲೇಡಿಗೂ ಗೈಡಿಗೂ ನಡುವೆ ಒಂದು ಕಾಗದದಷ್ಟು ಸಂದು ಸಾಕು. ನಾವು ರಸೀದಿ ಪುಸ್ತಕದ ಕಾಗದವನ್ನೇ ಎರಡು ಪಕ್ಕಕ್ಕೂ ಇಟ್ಟು, ಗೈಡು ಬಿಗಿದು, ಕಾಗದ ಎಳೆದುಬಿಡುತ್ತೇವೆ. ಬ್ಲೇಡನ್ನು ಗೈಡು ನೂಕಿ ಬಾಗಿಸಬಾರದು.

7. ಬೆನ್ನು ಬೇರಿಂಗನ್ನು ಬ್ಲೇಡಿನ ಬೆನ್ನಿನಿಂದ 1/64 ಅಂಗುಲ, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿಡಿ. ಬರಿದೆ ಓಡುವಾಗ ಅದು ತಿರುಗಬಾರದು, ಮರ ಒತ್ತಿದಾಗ ಮಾತ್ರ ತಿರುಗಬೇಕು. ಸದಾ ತಾಗಿಕೊಂಡಿದ್ದರೆ ಬ್ಲೇಡಿನ ಬೆನ್ನು ಗಡುಸಾಗಿ ಬಿರಿಯುತ್ತದೆ. ಮೇಜಿನ ಕೆಳಗಿನ ಗೈಡು, ಬೇರಿಂಗುಗಳಿಗೂ ಇದೇ ಅಳತೆ. ಬಗ್ಗಿ ನೋಡುವ ಬೇಸರಕ್ಕೆ ಕೆಳಗಿನದನ್ನು ಬಿಡುವವರು ಹೆಚ್ಚು. ನಾವೂ ಬಿಟ್ಟಿದ್ದೆವು.

8. ಮೇಲೆ ಕೆಳಗೆ ಎರಡು ಮುಚ್ಚಳಗಳನ್ನೂ ಹಾಕಿ, ಚಿಲಕ ನೋಡಿ, ಚಕ್ರವನ್ನು ಕೈಯಿಂದ ತಿರುಗಿಸುವ ಕಿಂಡಿ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ. ಬಳಿಕ ಮೇನ್ ಹಾಕಿ, ಪಕ್ಕಕ್ಕೆ ನಿಂತು ಒಂದು ಕ್ಷಣ ಓಡಿಸಿ ನಿಲ್ಲಿಸಿ. ಸದ್ದು ಸಮವಾಗಿದ್ದರೆ ಒಂದೆರಡು ನಿಮಿಷ ಬರಿದೆ ಓಡಿಸಿ. ಆ ಮೇಲೆ ಮರ.

ಹೊಂದಿಸಿದ ಬ್ಲೇಡು ಕೂಡ ಮರದಲ್ಲಿ ಸ್ವಲ್ಪ ಒಂದು ಪಕ್ಕಕ್ಕೆ ಎಳೆಯುವುದುಂಟು. ಆಗ ಫೆನ್ಸನ್ನು ತೆಗೆದಿಟ್ಟು, ನೇರ ಅಂಚಿನ ಹಲಗೆಯೊಂದರ ಮೇಲೆ ಅಂಚಿಗೆ ಸಮಾನವಾಗಿ ಗೆರೆ ಎಳೆಯಿರಿ. ಗೆರೆಯ ಮೇಲೆಯೇ ಬರುವಂತೆ ಕೈಯಿಂದ ಅರ್ಧದವರೆಗೆ ಕೊಯ್ದು, ಹಲಗೆಯನ್ನು ಅಲುಗಿಸದೆ ಯಂತ್ರ ನಿಲ್ಲಿಸಿ. ಆಗ ಹಲಗೆ ನಿಂತ ಓರೆಯನ್ನು ಮೇಜಿನ ಮೇಲೆ ಪೆನ್ಸಿಲಿನಲ್ಲಿ ಗುರುತಿಸಿ, ಫೆನ್ಸನ್ನು ಅದೇ ಓರೆಗೆ ಕೂರಿಸಿ. ಬ್ಲೇಡು ಬದಲಾದಾಗಲೆಲ್ಲ ಇದನ್ನು ಮತ್ತೆ ನೋಡಬೇಕು.

ದೋಷ ಮತ್ತು ಕಾರಣ

ಸುತ್ತಿಗೊಮ್ಮೆ ಟಕ್ ಟಕ್ ಎಂಬ ಸದ್ದು ಬಂದರೆ ಬ್ಲೇಡಿನಲ್ಲಿ ಬಿರುಕಿದೆ ಅಥವಾ ಬೆಸುಗೆ ಉಬ್ಬಿದೆ. ಕೂಡಲೇ ನಿಲ್ಲಿಸಿ. ಇನ್ನೊಂದು ಹಲಗೆ ಮುಗಿಯಲಿ ಎನ್ನಬೇಡಿ.

ಹಲಗೆ ನಡುವೆ ಉಬ್ಬಿ, ಕೊಯ್ತ ಹೊಟ್ಟೆ ಬಿಟ್ಟಂತೆ ಬಂದರೆ ಬಿಗಿ ಸಾಲದು, ಹಲ್ಲು ಮೊಂಡಾಗಿದೆ ಅಥವಾ ಮರವನ್ನು ಜೋರಾಗಿ ನೂಕುತ್ತಿದ್ದೀರಿ.

ಸುಟ್ಟ ವಾಸನೆ, ಕಪ್ಪು ಗುರುತು ಬಂದರೆ ಹಲ್ಲು ಸವೆದಿದೆ. ಬ್ಲೇಡು ಬದಲಿಸಿ, ಒತ್ತಡ ಹೆಚ್ಚಿಸಬೇಡಿ.

ಒಂದೇ ಪಕ್ಕಕ್ಕೆ ಎಳೆಯುವುದು ದಿನದಿಂದ ದಿನಕ್ಕೆ ಹೆಚ್ಚಿದರೆ ಒಂದು ಪಕ್ಕದ ಹಲ್ಲುಗಳು ಮೊಂಡಾಗಿವೆ. ಮರದಲ್ಲಿದ್ದ ಮೊಳೆಗೆ ತಾಗಿದಾಗ ಹೀಗಾಗುವುದು ಹೆಚ್ಚು. ನಮ್ಮ ನೆರಳಿನ ಮರಗಳಲ್ಲಿ ಬೇಲಿಯ ತಂತಿ, ಬೋರ್ಡಿನ ಮೊಳೆ, ಮೆಣಸಿನ ಬಳ್ಳಿಗೆ ಕಟ್ಟಿದ ತಂತಿ ತೊಗಟೆಯೊಳಗೆ ಮುಚ್ಚಿಹೋಗಿರುತ್ತವೆ. ಬುಡದ 6 ಅಡಿಯನ್ನು ತೊಗಟೆ ತೆಗೆದು ನೋಡದೆ ಯಂತ್ರಕ್ಕೆ ಕೊಡಬೇಡಿ.

ದುಂಡು ಮರ ಮತ್ತು ಕೈ

ನಮ್ಮ ತೋಟಗಳಿಂದ ಬರುವುದು ಬಹುಪಾಲು ದುಂಡು ಮರವೇ: ಕೊಂಬೆ, ಅಡಿಕೆ ಮರದ ತುಂಡು, ಕಿತ್ತ ಕಾಫಿ ಗಿಡದ ಕಾಂಡ. ಬ್ಲೇಡು ಕೆಳಕ್ಕೆ ಎಳೆಯುವುದರಿಂದ ತಳದಲ್ಲಿ ಆನಿಕೆಯಿಲ್ಲದ ದುಂಡು ಮರ ತಟಕ್ಕನೆ ಉರುಳುತ್ತದೆ, ಹಿಡಿದ ಕೈಯನ್ನೂ ಜೊತೆಗೆ ಎಳೆಯುತ್ತದೆ. ನಮ್ಮ ಶೆಡ್ಡಿನಲ್ಲಿ ಆದದ್ದು ಇದೇ. ಅಡ್ಡ ಕೊಯ್ಯಲು ಎರಡು ಓರೆ ಹಲಗೆ ಬಡಿದು ತೊಟ್ಟಿಲಿನಂತೆ ಮಾಡಿ ಅದರಲ್ಲಿ ಮರವನ್ನು ಮಲಗಿಸಿ ನೂಕಬೇಕು. ಉದ್ದಕ್ಕೆ ಸೀಳಲು ನೇರ ಹಲಗೆಯೊಂದಕ್ಕೆ ಮರವನ್ನು ಎರಡು ಕಡೆ ಸ್ಕ್ರೂ ಹಾಕಿ ಬಿಗಿದು, ಆ ಹಲಗೆಯನ್ನೇ ಫೆನ್ಸಿಗೆ ಒರಗಿಸಿ ನೂಕಬೇಕು. ಸ್ಕ್ರೂಗಳು ಬ್ಲೇಡಿನ ದಾರಿಯಲ್ಲಿರಬಾರದು. ಒಂದು ಮುಖ ಸಮವಾದ ಮೇಲೆ ಮರವನ್ನು ಆ ಮುಖದ ಮೇಲೆ ಮಲಗಿಸಿದರೆ ಉರುಳುವ ಭಯವಿಲ್ಲ.

14 ಅಂಗುಲದ ಚಕ್ರ ನಿಮಿಷಕ್ಕೆ 800 ಸುತ್ತು ತಿರುಗಿದರೆ ಬ್ಲೇಡು ನಿಮಿಷಕ್ಕೆ ಸುಮಾರು 2,900 ಅಡಿ, ಅಂದರೆ ಸೆಕೆಂಡಿಗೆ 48 ಅಡಿಗೂ ಹೆಚ್ಚು ಓಡುತ್ತದೆ. ಕೈ ಹಿಂತೆಗೆಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಮೇಲಿನ ಗೈಡನ್ನು ಮರದಿಂದ ಕಾಲು ಅಂಗುಲ ಮಾತ್ರ ಎತ್ತರದಲ್ಲಿಡಿ. ಬ್ಲೇಡು ತೆರೆದಿರುವಷ್ಟೂ ಅಪಾಯ, ಕೊಯ್ತವೂ ಸೊಟ್ಟ. ಬೆರಳು ಬ್ಲೇಡಿನ ನೇರದಲ್ಲಿ ಎಂದೂ ಇರಬಾರದು. ಕೊನೆಯ 4 ಅಂಗುಲವನ್ನು ತಳ್ಳುಕೋಲಿನಿಂದ ನೂಕಿ. ಬ್ಲೇಡು ಬದಲಿಸುವಾಗ ಕೈಗವಸು ಬೇಕು, ಮರ ಕೊಯ್ಯುವಾಗ ಬೇಡ. ಗವಸನ್ನು ಹಲ್ಲು ಹಿಡಿದರೆ ಕೈಯನ್ನೇ ಒಳಗೆಳೆಯುತ್ತದೆ. ಹೆಗಲ ಮೇಲಿನ ಟವಲು, ಸಡಿಲ ತೋಳಿನ ಅಂಗಿ ಕೂಡದು. ಸ್ವಿಚ್ಚು ಆರಿಸಿದ ಮೇಲೂ ಚಕ್ರ ಕೆಲಹೊತ್ತು ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವ ಮೊದಲು ಚೂರುಗಳನ್ನು ತೆಗೆಯಲು ಕೈ ಹಾಕಬೇಡಿ. ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ. ಸಂಜೆ ಬಿಗಿ ಸಡಿಲಿಸಿ, ಹಾಗೆಂದು ಬರೆದ ಚೀಟಿಯನ್ನು ಸ್ವಿಚ್ಚಿಗೆ ತಗುಲಿಸಿ. ಇಲ್ಲವಾದರೆ ಬೆಳಿಗ್ಗೆ ಬಂದವರು ಸಡಿಲ ಬ್ಲೇಡನ್ನೇ ಓಡಿಸಿಬಿಡುತ್ತಾರೆ.

ಕಾನೂನಿನ ಮಾತು

ಸ್ವಂತಕ್ಕೆ ಇಂಥ ಯಂತ್ರ ಕೊಳ್ಳಬೇಕೆಂದಿರುವ ಸದಸ್ಯರು ಹಣ ಕೊಡುವ ಮೊದಲು ಅರಣ್ಯ ಇಲಾಖೆಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. 2002ರ ಅಕ್ಟೋಬರಿನ ಸುಪ್ರೀಂ ಕೋರ್ಟಿನ ಆದೇಶದಿಂದ ಹೊಸ ಸಾಮಿಲ್ಲುಗಳ ಮೇಲೆ ಬಿಗಿ ನಿರ್ಬಂಧ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ದಿಮೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಯಂತ್ರದ ಗಾತ್ರ, ಅದರಲ್ಲಿ ಕೊಯ್ಯುವ ಮರ ದುಂಡೋ ಹಲಗೆಯೋ ಎಂಬುದರ ಮೇಲೆ ಪರವಾನಗಿಯ ಪ್ರಶ್ನೆ ನಿಂತಿದೆ. ಸಿಲ್ವರ್ ಓಕ್, ಹಾಲುವಾಣ ಮೊದಲಾದ ಕೆಲವು ಜಾತಿಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಅನುಮತಿಯ ವಿನಾಯಿತಿ ಇದೆ. ಆದರೆ ಕಡಿಯುವ ವಿನಾಯಿತಿಯೇ ಸಾಗಿಸುವ, ಕೊಯ್ಯುವ ಅನುಮತಿಯಲ್ಲ. ಇದನ್ನು ಮರೆತು ದಂಡ ತೆತ್ತವರಿದ್ದಾರೆ.

ಕೊನೆಯ ಮಾತು

ಕೊಪ್ಪಳದಿಂದ ಬಂದ ಮೇಲೆ ಟಾರ್ಪಾಲು ತೆಗೆದು, ಯಂತ್ರವನ್ನು ಗೋಡೆಯಿಂದ ಈಚೆಗೆ ತಂದು, ಟಯರು ಬದಲಿಸಿ, ಮೇಲಿನ ಎಂಟು ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಮಾಡಿದೆವು. ಹಿಂದೆ ಯಾವ ಅಂಗಡಿಯ ಬ್ಲೇಡನ್ನು ಕಳಪೆಯೆಂದು ದೂರಿದ್ದೆವೋ ಅದೇ ಅಂಗಡಿಯ, ಬಳಸದೆ ಉಳಿದಿದ್ದ ಬ್ಲೇಡನ್ನೇ ಹಾಕಿದೆವು. ಅದು ಮೊಂಡಾಗುವವರೆಗೂ ಓಡಿತು, ತುಂಡಾಗಲಿಲ್ಲ. ಆ ಅಂಗಡಿಯವರಿಗೆ ನಾವು ಕ್ಷಮಾಪಣೆಯ ಪತ್ರ ಬರೆದಿದ್ದೇವೆ.

ಆ ಹುಡುಗ ಈಗ ನಮ್ಮ ಗೋದಾಮಿನಲ್ಲಿ ತೂಕ ಬರೆಯುತ್ತಾನೆ. ಯಂತ್ರದ ಶೆಡ್ಡಿನ ಕಡೆಗೆ ಬರುವುದಿಲ್ಲ, ಬಾ ಎಂದು ನಾವೂ ಕರೆದಿಲ್ಲ. ಸಭೆಯಲ್ಲಿ ಯಂತ್ರವನ್ನು ಇಟ್ಟುಕೊಳ್ಳೋಣ ಎಂದು ನಾವು ಹೇಳುವವರಿದ್ದೇವೆ. ಆದರೆ ಒಂದು ಷರತ್ತಿನ ಮೇಲೆ. ಎಂಟು ಹೆಜ್ಜೆಗಳನ್ನು ಬರೆದ ಹಲಗೆ ಶೆಡ್ಡಿನ ಬಾಗಿಲಲ್ಲಿ ಇರಬೇಕು. ಬ್ಲೇಡು ಬದಲಿಸಿದವರು ಯಾವ ಹೆಜ್ಜೆ ಯಾವಾಗ ಮಾಡಿದೆನೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಸಹಿಯಿಲ್ಲದೆ ಮೇನ್ ಸ್ವಿಚ್ಚಿನ ಬೀಗದ ಕೈ ಯಾರಿಗೂ, ಅಧ್ಯಕ್ಷರಿಗಾಗಲಿ ಕಾರ್ಯದರ್ಶಿಗಾಗಲಿ, ಸಿಗಬಾರದು. ಈ ಷರತ್ತಿಗೆ ಸಭೆ ಒಪ್ಪದಿದ್ದರೆ ಯಂತ್ರವನ್ನು ಮಾರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಸದಸ್ಯರು ಈ ಪಾಠವನ್ನು ಓದಿ, ಸಂದೇಹಗಳಿದ್ದರೆ ಸಂಘದ ಕಚೇರಿಗೆ ಬಂದು ಯಂತ್ರದ ಮುಂದೆಯೇ ನಿಂತು ಕೇಳಿ ತಿಳಿದುಕೊಂಡು, ಸಭೆಗೆ ಬರಬೇಕಾಗಿ ವಿನಂತಿಸುತ್ತೇವೆ.

— ಕಾರ್ಯದರ್ಶಿ